ಗಾಳಿಯನ್ನು ನೋಡಲು ಬೆಂಗಳೂರಿಗೆ

ಫೆಬ್ರವರಿ ಬಂತೆಂದರೆ ಶಾಲೆಯಲ್ಲಿ ಒಂದು ಸುದ್ದಿ ಹರಿದಾಡುತ್ತದೆ: “ಈ ಸಲ ಟಾಟಾ ಇನ್‌ಸ್ಟಿಟ್ಯೂಟಿಗೆ ಕರ್ಕೊಂಡು ಹೋಗ್ತಾರಂತೆ!” ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಜನ ಇಂದಿಗೂ ಆ ಹೆಸರಿನಿಂದಲೇ ಕರೆಯುತ್ತಾರೆ. ವರ್ಷದಲ್ಲಿ ಒಂದು ದಿನ, ಸಾಮಾನ್ಯವಾಗಿ ಫೆಬ್ರವರಿ ಕೊನೆಗೋ ಮಾರ್ಚಿ ಮೊದಲಿಗೋ, ಆ ಸಂಸ್ಥೆ ತನ್ನ ಪ್ರಯೋಗಾಲಯಗಳ ಬಾಗಿಲು ತೆರೆದು ಯಾರು ಬೇಕಾದರೂ ಬಂದು ನೋಡಿ ಎನ್ನುತ್ತದೆ. ಅದಕ್ಕೆ ‘ಮುಕ್ತ ದಿನ’ ಅಥವಾ ಓಪನ್ ಡೇ ಎಂದು ಹೆಸರು. ಟಿಕೆಟ್ಟಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಅಲ್ಲಿ ಜಾತ್ರೆಯಂತೆ ಜನ.

ಹಿಂದೊಂದು ಸಲ ನಾನು ಮಕ್ಕಳ ಜೊತೆ ಹೋಗಿದ್ದಾಗ ನಡೆದ ಒಂದು ಚಿಕ್ಕ ಸಂಗತಿ ಹೇಳುತ್ತೇನೆ. ನಮ್ಮ ಗುಂಪಿನಲ್ಲಿ ಕಣೇಕಲ್ಲು ಕಡೆಯ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಇದ್ದಳು. ಗಾಳಿ ಸುರಂಗದ ಮುಂದೆ ಬಹಳ ಹೊತ್ತು ನಿಂತಿದ್ದಳು. ವಿವರಿಸುತ್ತಿದ್ದವರು “ಎನಿ ಕ್ವೆಶ್ಚನ್ಸ್?” ಎಂದಾಗ ತಲೆ ತಗ್ಗಿಸಿ ಹಿಂದೆ ಸರಿದಳು. ವಾಪಸು ಬರುವಾಗ, ಬಸ್ಸು ಶಿರಾ ದಾಟಿದ ಮೇಲೆ, ನನ್ನ ಸೀಟಿನ ಹತ್ತಿರ ಬಂದು ಕೇಳಿದಳು:

“ಸಾರ್, ನಮ್ ಹೊಲಕ್ಕೆ ಉಸುಕು ಬಂದು ಬೀಳ್ತೈತಲ್ಲ, ಆ ಉಸುಕನ್ನ ಆ ಸುರಂಗದಾಗೆ ಹಾಕಿ ನೋಡಿದ್ರೆ, ಹೆಂಗೆ ನಿಲ್ಲಿಸ್ಬೇಕು ಅಂತ ಗೊತ್ತಾಗುತ್ತಾ?”

“ಅಲ್ಲೇ ಯಾಕಮ್ಮ ಕೇಳಲಿಲ್ಲ?” ಎಂದೆ.

“ಇಂಗ್ಲಿಷ್ ಬರಲ್ಲ ಸಾರ್. ಅಲ್ದೆ ಅದು ಸೈನ್ಸ್ ಪ್ರಶ್ನೆ ಅಲ್ಲ ಅನ್ಕೊಂಡೆ. ನಮ್ ಹೊಲದ್ದು.”

ಆವತ್ತು ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ವರ್ಷ ನೀವು ಹೋಗುವವರಿದ್ದರೆ ಬಸ್ಸು ಹತ್ತುವ ಮುಂಚೆ ಓದಿಕೊಳ್ಳಿ. ಹೋಗದಿದ್ದರೂ ಓದಿ, ಏಕೆಂದರೆ ಕೊನೆಯಲ್ಲಿರುವ ಪ್ರಯೋಗಕ್ಕೆ ಬೆಂಗಳೂರು ಬೇಕಾಗಿಲ್ಲ.

ಹೋಗುವ ದಾರಿಯಲ್ಲೇ ಪಾಠ

ರಾಯದುರ್ಗದವರು ಮೊಳಕಾಲ್ಮೂರು, ಚಳ್ಳಕೆರೆ, ಹಿರಿಯೂರು, ಶಿರಾ, ತುಮಕೂರು ದಾರಿಯಲ್ಲಿ ಹೋದರೆ ಹಿರಿಯೂರಿನಲ್ಲಿ ಒಂದು ನದಿ ದಾಟುತ್ತೀರಿ. ಅದು ವೇದಾವತಿ. ನಮ್ಮ ಕಡೆ ಹಗರಿ ಅನ್ನುತ್ತೇವಲ್ಲ, ಅದೇ ಹೊಳೆ. ಬಾಬಾಬುಡನ್‌ಗಿರಿ ಬೆಟ್ಟಗಳಲ್ಲಿ ಹುಟ್ಟಿ, ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರದಲ್ಲಿ ನಿಂತು, ಆಮೇಲೆ ಆಂಧ್ರಕ್ಕೆ ಬಂದು ಭೈರವಾನಿತಿಪ್ಪ ಅಣೆಕಟ್ಟೆಯಲ್ಲಿ ಮತ್ತೆ ನಿಂತು, ಕಣೇಕಲ್ಲು, ಬೊಮ್ಮನಹಾಳ್ ಕಡೆಯಿಂದ ಬಳ್ಳಾರಿ ಜಿಲ್ಲೆಗೆ ಹೋಗಿ ತುಂಗಭದ್ರೆಯನ್ನು ಸೇರುತ್ತದೆ.

‘ಹೋಗಿ ಸೇರುತ್ತದೆ’ ಎಂದು ಬರೆದೆನೇ ಹೊರತು ವರ್ಷದಲ್ಲಿ ಬಹಳ ದಿನ ಅದರಲ್ಲಿ ನೀರು ಇರುವುದಿಲ್ಲ, ಇರುವುದು ಉಸುಕು. ವಾಣಿವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. ಅದು 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಇದರಿಂದಲೇ ತಿಳಿಯುತ್ತದೆ, ಈ ಹೊಳೆಗೆ ನೀರು ಎಷ್ಟು ಅಪರೂಪ ಎಂದು. ನಮ್ಮ ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಸುರಿಯುವ ಮಳೆ ಸರಾಸರಿ 550 ಮಿ.ಮೀ. ಆಸುಪಾಸು. ಮುಂಗಾರಿನ ಗಾಳಿ ನೈಋತ್ಯ ದಿಕ್ಕಿನಿಂದ ಬರುವಾಗ ತನ್ನಲ್ಲಿರುವ ನೀರಿನ ಬಹುಪಾಲನ್ನು ಪಶ್ಚಿಮಘಟ್ಟಗಳ ಮೇಲೆ ಸುರಿಸಿಬಿಡುತ್ತದೆ. ನಮ್ಮ ತನಕ ಬರುವಾಗ ಉಳಿಯುವುದು ಒಣ ಗಾಳಿ, ಅದೂ ಬಿರುಸಿನ ಗಾಳಿ.

ಒಣಗಿದ ಹೊಳೆ, ಸಡಿಲ ಉಸುಕು, ಆಷಾಢದ ಗಾಳಿ. ಈ ಮೂರೂ ಒಂದೇ ಜಾಗದಲ್ಲಿ ಸೇರಿದ್ದರಿಂದ ಕಣೇಕಲ್ಲು, ಬೊಮ್ಮನಹಾಳ್ ಮಂಡಲಗಳ ಗೋವಿಂದವಾಡ, ದರ್ಗಾ ಹೊನ್ನೂರು ಮೊದಲಾದ ಊರುಗಳ ಕಡೆ ಉಸುಕಿನ ದಿಬ್ಬಗಳು ಎದ್ದಿವೆ. ಗಾಳಿ ಹೋಗುವ ದಿಕ್ಕಿನಲ್ಲಿ ಹೊಲ ಇದ್ದವರ ಪಾಡು ಕೇಳಬೇಡಿ. ಬಿತ್ತಿದ ಸಾಲಿನ ಮೇಲೆ ಉಸುಕು ಕೂರುತ್ತದೆ. ಆ ಹುಡುಗಿ ಕೇಳಿದ ಪ್ರಶ್ನೆಯ ಹಿಂದೆ ಒಂದು ಮನೆಯ ಅನ್ನ ಇತ್ತು.

ಯಾವುದು ಆ ಜಾಗ?

ಜಮ್‌ಷೆಡ್‌ಜಿ ಟಾಟಾ ಅವರ ಕನಸಿನಿಂದ, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಮೀನಿನಲ್ಲಿ, 1909ರಲ್ಲಿ ಸ್ಥಾಪನೆಯಾದ ಸಂಸ್ಥೆ ಅದು. ಟಾಟಾ ಅದನ್ನು ಕಣ್ಣಾರೆ ನೋಡಲಿಲ್ಲ; 1904ರಲ್ಲೇ ತೀರಿಕೊಂಡರು. 1958ರಲ್ಲಿ ಅದಕ್ಕೆ ವಿಶ್ವವಿದ್ಯಾಲಯಕ್ಕೆ ಸಮನಾದ ಸ್ಥಾನ ಸಿಕ್ಕಿತು. ನೀವು ಫೆಬ್ರವರಿ 28ರಂದು ಶಾಲೆಯಲ್ಲಿ ವಿಜ್ಞಾನ ದಿನ ಮಾಡುತ್ತೀರಲ್ಲ, ಆ ದಿನಕ್ಕೆ ಕಾರಣರಾದ ಸಿ.ವಿ. ರಾಮನ್ 1933ರಲ್ಲಿ ಈ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು.

ಮುಕ್ತ ದಿನದಂದು ಏನೇನು ತೋರಿಸುತ್ತಾರೆ ಎನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ದ್ರವರೂಪದ ಸಾರಜನಕದ ಮುಂದೆ ಯಾವಾಗಲೂ ಗುಂಪು. ಅದರ ಉಷ್ಣತೆ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅದರಲ್ಲಿ ಅದ್ದಿದ ಹೂವು ಗಾಜಿನಂತೆ ಒಡೆಯುತ್ತದೆ, ಊದಿದ ಬಲೂನು ಸುಕ್ಕಾಗಿ, ಹೊರಗೆ ತೆಗೆದರೆ ತಾನಾಗಿ ಮತ್ತೆ ಉಬ್ಬುತ್ತದೆ. ವಿದ್ಯುತ್ ವಿಭಾಗದಲ್ಲಿ ಕೃತಕ ಮಿಂಚು ನೋಡಲು ಸಾಲು ನಿಂತಿರುತ್ತದೆ. ಎಲ್ಲವನ್ನೂ ಒಂದೇ ದಿನದಲ್ಲಿ ನೋಡಲು ಆಗುವುದಿಲ್ಲ. ಓಡಿ ಓಡಿ ಇಪ್ಪತ್ತು ಕಡೆ ಇಣುಕುವ ಬದಲು ಮೂರು ಕಡೆ ನಿಂತು ನೋಡಿ. ಆ ಮೂರರಲ್ಲಿ ಗಾಳಿ ಸುರಂಗ ಒಂದಾಗಿರಲಿ.

ಗಾಳಿ ಸುರಂಗ ಅಂದರೇನು?

ವಿಮಾನ ಹಾರುವಾಗ ನಿಂತ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಹಾರುವ ವಿಮಾನದ ಪಕ್ಕದಲ್ಲಿ ಕೂತು ಅಳತೆ ಮಾಡಲು ಆದೀತೇ? ಅದಕ್ಕೆ ವಿಜ್ಞಾನಿಗಳು ಲೆಕ್ಕವನ್ನು ತಿರುಗಿಸಿದರು. ವಿಮಾನದ ಮಾದರಿಯನ್ನು ನಿಲ್ಲಿಸಿ, ಗಾಳಿಯನ್ನೇ ಅದರ ಮೇಲೆ ಹರಿಸಿದರು. ನೀವು ಬೈಕಿನ ಹಿಂದೆ ಕೂತಾಗ ಮುಖಕ್ಕೆ ಬಡಿಯುವ ಗಾಳಿಯನ್ನು ನೆನಪಿಸಿಕೊಳ್ಳಿ. ಗಾಳಿ ಓಡಿತೋ ನೀವು ಓಡಿದಿರೋ, ಮುಖಕ್ಕೆ ಎರಡೂ ಒಂದೇ.

ಸುರಂಗದ ಬಾಯಿ ದೊಡ್ಡದು, ನಡು ಸಣ್ಣದು. ಒಳಗೆ ಬಂದ ಗಾಳಿಯೆಲ್ಲ ಆ ಸಣ್ಣ ಜಾಗದಿಂದಲೇ ಹೊರಹೋಗಬೇಕು. ಹಾಗಾಗಿ ಅಲ್ಲಿ ವೇಗ ಹೆಚ್ಚುತ್ತದೆ. ಬೋರ್‌ವೆಲ್ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದರೆ ನೀರು ದೂರಕ್ಕೆ ಚಿಮ್ಮುತ್ತದಲ್ಲ, ಅದೇ ತತ್ವ. ಲೆಕ್ಕ ಸುಲಭ: ಬಾಯಿ 6 ಚದರ ಮೀಟರ್, ನಡು 1 ಚದರ ಮೀಟರ್ ಇದ್ದರೆ, ಬಾಯಲ್ಲಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬಂದ ಗಾಳಿ ನಡುವಿನಲ್ಲಿ ಸೆಕೆಂಡಿಗೆ 18 ಮೀಟರ್ ಆಗುತ್ತದೆ. ಅಂದರೆ ಗಂಟೆಗೆ ಸುಮಾರು 65 ಕಿ.ಮೀ. ಈ ಲೆಕ್ಕ ನೆನಪಿರಲಿ, ಮುಂದೆ ಮರಗಳ ವಿಷಯ ಬಂದಾಗ ಬೇಕಾಗುತ್ತದೆ.

ಇನ್ನೂ ಎರಡು ಸಂಗತಿ ಗಮನಿಸಿ. ಬಾಯಿಯಲ್ಲಿ ಜೇನುಗೂಡಿನಂಥ ಜಾಲರಿ ಇರುತ್ತದೆ. ಸುಳಿಸುಳಿಯಾಗಿ ಬರುವ ಗಾಳಿಯನ್ನು ಅದು ನೇರ ಮಾಡುತ್ತದೆ. ಫ್ಯಾನು ಸಾಮಾನ್ಯವಾಗಿ ಹಿಂದಿನ ತುದಿಯಲ್ಲಿರುತ್ತದೆ. ಗಾಳಿಯನ್ನು ತಳ್ಳುವುದಿಲ್ಲ, ಎಳೆದುಕೊಳ್ಳುತ್ತದೆ. ಫ್ಯಾನು ಮುಂದಿದ್ದರೆ ಅದರ ರೆಕ್ಕೆಗಳು ಎಬ್ಬಿಸುವ ಸುಳಿ ಮಾದರಿಯ ಮೇಲೆ ಬಂದು ಬಡಿಯುತ್ತದೆ. ಗಾಳಿ ಕಣ್ಣಿಗೆ ಕಾಣದು, ಆದ್ದರಿಂದ ಮಾದರಿಯ ಮೈಗೆ ಸಣ್ಣ ದಾರಗಳನ್ನು ಅಂಟಿಸುತ್ತಾರೆ, ಇಲ್ಲವೇ ಹೊಗೆ ಬಿಡುತ್ತಾರೆ. ದಾರ ನೇರ ನಿಂತರೆ ಗಾಳಿ ಸರಾಗ. ದಾರ ಒದ್ದಾಡಿದರೆ ಅಲ್ಲಿ ಸುಳಿ.

ಈ ಸಂಸ್ಥೆಯಲ್ಲಿ ವಿಮಾನ ವಿಜ್ಞಾನದ ವಿಭಾಗ ಶುರುವಾದದ್ದು 1942ರಲ್ಲಿ. ಮುಂದೆ ಇಸ್ರೋ ಅಧ್ಯಕ್ಷರಾದ ಸತೀಶ್ ಧವನ್ 1950ರ ದಶಕದಲ್ಲಿ ಶಬ್ದಕ್ಕಿಂತ ವೇಗದ ಗಾಳಿಯ ಸುರಂಗವನ್ನು ಕಟ್ಟಿದ್ದು ಇಲ್ಲೇ. ಇಂಥ ಸುರಂಗಗಳಲ್ಲಿ ವಿಮಾನ, ರಾಕೆಟ್‌ಗಳಷ್ಟೇ ಅಲ್ಲ, ಎತ್ತರದ ಕಟ್ಟಡ, ಸೇತುವೆಗಳ ಮಾದರಿಗಳನ್ನೂ ಇಟ್ಟು ನೋಡುವುದುಂಟು. ಹಾಗಾದರೆ ಉಸುಕು?

ಅದೇ ಪ್ರಶ್ನೆ ಕೇಳಿದ ಇನ್ನೊಬ್ಬ

ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೇನೆಯ ಎಂಜಿನಿಯರ್ ಒಬ್ಬನಿದ್ದ. ಈಜಿಪ್ಟು, ಲಿಬಿಯಾದ ಮರುಭೂಮಿಯಲ್ಲಿ ಮೋಟಾರು ಓಡಿಸುತ್ತಾ ತಿರುಗಿದವನು. ಉಸುಕಿನ ದಿಬ್ಬಗಳು ಇಷ್ಟು ಅಚ್ಚುಕಟ್ಟಾಗಿ ಹೇಗೆ ಏಳುತ್ತವೆ, ಹೇಗೆ ನಡೆಯುತ್ತವೆ ಎನ್ನುವುದು ಅವನ ತಲೆಗೆ ಹೊಕ್ಕಿತು. 1930ರ ದಶಕದಲ್ಲಿ ಲಂಡನ್ನಿಗೆ ಹಿಂದಿರುಗಿ ಒಂದು ಗಾಳಿ ಸುರಂಗ ಕಟ್ಟಿ, ಅದರೊಳಗೆ ಉಸುಕು ಹರಡಿ, ಗಾಳಿ ಬಿಟ್ಟು ನೋಡಿದ. 1941ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿದ. ಉಸುಕಿನ ಬಗ್ಗೆ ಕೆಲಸ ಮಾಡುವವರು ಇಂದಿಗೂ ಅಲ್ಲಿಂದಲೇ ಪಾಠ ಶುರು ಮಾಡುತ್ತಾರೆ.

ಅಂದರೆ ನಮ್ಮ ಹುಡುಗಿ ಬಸ್ಸಿನಲ್ಲಿ ಕೇಳಿದ್ದು, ಒಬ್ಬ ವಿಜ್ಞಾನಿ ವರ್ಷಗಟ್ಟಲೆ ಕೆಲಸ ಮಾಡಿದ ಪ್ರಶ್ನೆಯನ್ನೇ. ಹೊಲದ ಪ್ರಶ್ನೆ ವಿಜ್ಞಾನದ ಪ್ರಶ್ನೆ ಅಲ್ಲ ಎಂದು ಅವಳಿಗೆ ಯಾರು ಹೇಳಿಕೊಟ್ಟರೋ! ಬಹುಶಃ ನಾವೇ, ಮೇಷ್ಟ್ರುಗಳು, ಬಾಯಿಬಿಟ್ಟು ಹೇಳದೆಯೇ ಹೇಳಿಕೊಟ್ಟಿದ್ದೇವೆ.

ಉಸುಕು ಹೇಗೆ ನಡೆಯುತ್ತದೆ?

ಗಾಳಿಗೆ ಸಿಕ್ಕ ಮಣ್ಣು ಮೂರು ಬಗೆಯಲ್ಲಿ ಸಾಗುತ್ತದೆ.

ಒಂದು, ಉರುಳುವುದು. ಅರ್ಧ ಮಿ.ಮೀ.ಗಿಂತ ದಪ್ಪ ಕಾಳುಗಳು ಮೇಲೇಳಲಾರದೆ ನೆಲದ ಮೇಲೇ ಉರುಳುತ್ತವೆ.

ಎರಡು, ನೆಗೆಯುವುದು. ಅದಕ್ಕಿಂತ ಸಣ್ಣ ಕಾಳು ಗಾಳಿಗೆ ಮೇಲೆದ್ದು, ಮುಂದೆ ಹಾರಿ, ನೆಲಕ್ಕೆ ಬೀಳುತ್ತದೆ. ಬಿದ್ದ ರಭಸಕ್ಕೆ ಇನ್ನೊಂದಿಷ್ಟು ಕಾಳುಗಳನ್ನು ಎಬ್ಬಿಸುತ್ತದೆ. ಗೋಲಿ ಆಟದಲ್ಲಿ ಒಂದು ಗೋಲಿ ಗುಂಪಿಗೆ ಬಡಿದರೆ ನಾಲ್ಕು ಚದುರುತ್ತವಲ್ಲ, ಹಾಗೆ. ಉಸುಕಿನ ಸುಮಾರು ಮುಕ್ಕಾಲು ಪಾಲು ಸಾಗುವುದು ಹೀಗೆ ನೆಗೆದು ನೆಗೆದು. ಈ ನೆಗೆತ ಹೆಚ್ಚಾಗಿ ನೆಲಕ್ಕೆ ಹತ್ತಿರದಲ್ಲೇ, ಮೊಣಕಾಲಿನ ಒಳಗೇ ನಡೆಯುತ್ತದೆ. ಆಷಾಢದಲ್ಲಿ ಹೊಳೆ ದಂಡೆಯಲ್ಲಿ ನಡೆದವರಿಗೆ ಗೊತ್ತು, ಉಸುಕು ಸೂಜಿಯಂತೆ ಚುಚ್ಚುವುದು ಮೀನಖಂಡಕ್ಕೆ.

ಮೂರು, ತೇಲುವುದು. ತೀರಾ ನಯವಾದ ಪುಡಿ ಮೇಲೆದ್ದು ದೂರ ದೂರಕ್ಕೆ ಹೋಗಿಬಿಡುತ್ತದೆ. ಕಣ್ಣಿಗೆ ಬೀಳುವ ಧೂಳು ಇದೇ. ಹೊಲದ ಸಾರ ಬಹಳಷ್ಟು ಇರುವುದು ಈ ನಯ ಮಣ್ಣಿನಲ್ಲೇ. ಹಾಗಾಗಿ ಗಾಳಿಯಿಂದ ರೈತನಿಗೆ ಎರಡು ಕಡೆಯ ಪೆಟ್ಟು. ಒಳ್ಳೆಯ ಮಣ್ಣು ಹಾರಿ ಹೋಗುತ್ತದೆ, ಬೇಡದ ಉಸುಕು ನೆಗೆದು ಬರುತ್ತದೆ.

ದಿಬ್ಬವನ್ನು ಪಕ್ಕದಿಂದ ನೋಡಿ. ಗಾಳಿ ಬರುವ ಕಡೆ ಇಳಿಜಾರು ಮೆಲ್ಲಗಿರುತ್ತದೆ, ಆಚೆ ಕಡೆ ಕಡಿದಾಗಿರುತ್ತದೆ. ಕಾಳುಗಳು ಮೆಲ್ಲನೆಯ ಕಡೆಯಿಂದ ಹತ್ತಿ, ನೆತ್ತಿ ದಾಟಿ, ಆಚೆ ಜಾರುತ್ತವೆ. ಒಣ ಉಸುಕು 30ರಿಂದ 35 ಡಿಗ್ರಿಗಿಂತ ಕಡಿದಾಗಿ ನಿಲ್ಲಲಾರದು. ಹಿಂದಿನ ಉಸುಕು ಮುಂದೆ, ಮತ್ತೆ ಹಿಂದಿನದು ಮುಂದೆ, ಹೀಗೆ ಇಡೀ ದಿಬ್ಬ ಗಾಳಿಯ ದಿಕ್ಕಿಗೆ ಸರಿಯುತ್ತದೆ. ಕೋನಮಾಪಕಕ್ಕೆ ದಾರ, ದಾರಕ್ಕೆ ಕಲ್ಲು ಕಟ್ಟಿದರೆ ಈ ಕೋನವನ್ನು ನೀವೇ ಅಳೆಯಬಹುದು.

ಒಂದು ಹೊಸ್ತಿಲು, ಒಂದು ಲೆಕ್ಕ

ಸಣ್ಣ ಗಾಳಿಗೆ ಉಸುಕು ಕದಲುವುದಿಲ್ಲ. ಕಾಳು ಏಳಬೇಕಾದರೆ ಗಾಳಿ ಒಂದು ಹೊಸ್ತಿಲು ದಾಟಬೇಕು. ಒಣಗಿದ, ಬರಿಮೈ ಉಸುಕಿಗೆ ಅದು ಗಂಟೆಗೆ ಸುಮಾರು 20 ಕಿ.ಮೀ. ಗಾಳಿ ಅಳೆಯುವ ಯಂತ್ರ ಇಲ್ಲದಿದ್ದರೂ ಇದನ್ನು ಗುರುತಿಸಬಹುದು. ಹಡಗಿನವರು ಬಳಸುವ ಬೋಫರ್ಟ್ ಮಾಪನದಲ್ಲಿ 4ನೇ ಅಂಕೆಯ ಗಾಳಿ ಎಂದರೆ ಗಂಟೆಗೆ 20ರಿಂದ 28 ಕಿ.ಮೀ. ಅದರ ಗುರುತು: ಸಣ್ಣ ಕೊಂಬೆಗಳು ಅಲ್ಲಾಡುತ್ತವೆ, ಧೂಳೂ ಕಾಗದದ ಚೂರುಗಳೂ ಏಳುತ್ತವೆ. ಬೇವಿನ ಮರದಲ್ಲಿ ಬರೀ ಎಲೆ ಅಲ್ಲಾಡುತ್ತಿದ್ದರೆ ಉಸುಕು ಸುಮ್ಮನಿರುತ್ತದೆ. ಕೊಂಬೆ ಅಲ್ಲಾಡತೊಡಗಿದರೆ ಉಸುಕೂ ಹೊರಟಿತು ಎಂದು ತಿಳಿಯಿರಿ.

ಹೊಸ್ತಿಲು ದಾಟಿದ ಮೇಲೆ ಬ್ಯಾಗ್ನಾಲ್ಡ್ ಕಂಡುಹಿಡಿದ ಲೆಕ್ಕ ಶುರುವಾಗುತ್ತದೆ. ಸಾಗುವ ಉಸುಕು ಗಾಳಿಯ ವೇಗದ ಘನಕ್ಕೆ ಅನುಗುಣವಾಗಿ, ಸುಮಾರಾಗಿ, ಹೆಚ್ಚುತ್ತದೆ. ವೇಗ ಎರಡು ಪಟ್ಟಾದರೆ ಉಸುಕು ಎರಡು ಪಟ್ಟಲ್ಲ, 2×2×2, ಅಂದರೆ ಎಂಟು ಪಟ್ಟು! ವರ್ಷದ ಹಾನಿಯಲ್ಲಿ ಹೆಚ್ಚಿನದು ಕೆಲವೇ ಬಿರುಗಾಳಿಯ ದಿನಗಳಲ್ಲಿ ಆಗುವುದು ಇದಕ್ಕೇ. ನಮ್ಮ ಸೀಮೆಯ ಗುಡ್ಡಗಳ ಮೇಲಿರುವ ಗಾಳಿಯಂತ್ರಗಳಿಗೂ ಇದೇ ಘನದ ಲೆಕ್ಕ: ಗಾಳಿ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟು. ಒಂದೇ ಗಾಳಿ, ಗುಡ್ಡದ ಮೇಲೆ ಕರೆಂಟು ಕೊಡುತ್ತದೆ, ಹೊಳೆಯ ಪಕ್ಕದಲ್ಲಿ ಹೊಲ ಮುಚ್ಚುತ್ತದೆ.

ಈಗ ಲೆಕ್ಕವನ್ನು ತಿರುಗಿಸಿ. ನೆಲದ ಹತ್ತಿರ ಗಾಳಿಯ ವೇಗವನ್ನು ಅರ್ಧಕ್ಕೆ ಇಳಿಸಿದರೆ ಉಸುಕು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೊಸ್ತಿಲಿಗಿಂತ ಕೆಳಕ್ಕೆ ಇಳಿಸಿದರೆ ಪೂರ್ತಿ ನಿಲ್ಲುತ್ತದೆ. ಗಾಳಿಯನ್ನು ನಿಲ್ಲಿಸಬೇಕಾಗಿಲ್ಲ ಮಕ್ಕಳೇ, ನೆಲಮಟ್ಟದಲ್ಲಿ ಸ್ವಲ್ಪ ನಿಧಾನ ಮಾಡಿದರೆ ಸಾಕು.

ಗೋಡೆಯೋ, ಗಿಡವೋ?

ಹಾಗಾದರೆ ಅಡ್ಡಲಾಗಿ ಗೋಡೆ ಕಟ್ಟಿದರಾಯಿತು ಎನ್ನುತ್ತೀರಾ? ಗೋಡೆಗೆ ಬಡಿದ ಗಾಳಿ ಮೇಲೇರಿ, ಆಚೆ ಕಡೆ ಸುಳಿಸುಳಿಯಾಗಿ ಬೇಗ ಕೆಳಗಿಳಿದುಬಿಡುತ್ತದೆ. ಸುರಂಗದ ದಾರಗಳು ಒದ್ದಾಡುವುದು ಇಂಥ ಕಡೆಯೇ. ಅರ್ಧದಷ್ಟು ಸಂದು ಇರುವ ಗಿಡದ ಸಾಲು ಇದಕ್ಕಿಂತ ವಾಸಿ. ಸ್ವಲ್ಪ ಗಾಳಿ ಸಂದಿನಿಂದ ನಿಧಾನವಾಗಿ ತೂರಿ ಬರುತ್ತದೆ, ಆದ್ದರಿಂದ ಮೇಲಿನ ಗಾಳಿ ಒಮ್ಮೆಗೇ ಕೆಳಗೆ ಧುಮುಕುವುದಿಲ್ಲ. ಒಳ್ಳೆಯ ಸಾಲು ತನ್ನ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ಕಾಪಾಡುತ್ತದೆ. 6 ಮೀಟರ್ ಎತ್ತರದ ಸಾಲು, 60 ಮೀಟರ್ ಹೊಲ.

ಆದರೆ ಬರೀ ಎತ್ತರದ ಮರ ನೆಟ್ಟು ಕೆಳಗಿನ ಕೊಂಬೆ ಸವರಿದರೆ? ಸುರಂಗದ ಬಾಯಿಯ ಲೆಕ್ಕ ನೆನಪಿಸಿಕೊಳ್ಳಿ. ಮೇಲೆ ದಟ್ಟ ಎಲೆ, ಕೆಳಗೆ ಬರೀ ಕಾಂಡ. ಗಾಳಿ ಕಾಂಡಗಳ ನಡುವೆ ನುಗ್ಗಿ ಇನ್ನೂ ಜೋರಾಗುತ್ತದೆ. ಉಸುಕು ನೆಗೆಯುವುದೋ ಮೊಣಕಾಲಿನ ಕೆಳಗೆ! ಆದ್ದರಿಂದ ಮರದ ಸಾಲಿನ ಬುಡದಲ್ಲಿ ಪೊದೆ, ಅದರ ಮುಂದೆ ಹುಲ್ಲು ಇರಲೇಬೇಕು. ಜೋಧಪುರದಲ್ಲಿ 1959ರಿಂದ ಕೆಲಸ ಮಾಡುತ್ತಿರುವ ಕೇಂದ್ರ ಒಣವಲಯ ಸಂಶೋಧನಾ ಸಂಸ್ಥೆಯವರು ರಾಜಸ್ಥಾನದ ದಿಬ್ಬಗಳನ್ನು ಹಿಡಿದು ನಿಲ್ಲಿಸುವ ಕ್ರಮವೂ ಹೀಗೇ. ಮೊದಲು ಒಣ ಮುಳ್ಳುಕಂಟಿಯ ಗಿಡ್ಡ ಸಾಲುಗಳನ್ನು ಗಾಳಿಗೆ ಅಡ್ಡಲಾಗಿ ಹೂಳುತ್ತಾರೆ, ಆಮೇಲೆ ಅವುಗಳ ಮರೆಯಲ್ಲಿ ಹುಲ್ಲು, ಗಿಡ ನೆಡುತ್ತಾರೆ.

ನಮ್ಮ ಬೆಳೆಯನ್ನೂ ನೋಡಿ. ಜೋಳ, ಸಜ್ಜೆ ಕೊಯ್ದ ಮೇಲೆ ಕೂಳೆ ನಿಂತಿರುತ್ತದೆ. ಆ ಕೂಳೆ ಸಾವಿರಾರು ಪುಟ್ಟ ಬೇಲಿಗಳಿದ್ದಂತೆ. ಆದರೆ ಶೇಂಗಾವನ್ನು ಬೇರುಸಮೇತ ಕೀಳುತ್ತೇವೆ. ಹೊಲ ಬರಿಮೈಯಾಗಿ, ಮಣ್ಣು ಸಡಿಲವಾಗಿ ಉಳಿಯುತ್ತದೆ. ಶೇಂಗಾ ಬಿಡಿ ಎಂದು ನಿಮ್ಮ ಅಪ್ಪನಿಗೆ ಹೇಳಲು ನಾನು ಯಾರು? ದುಡ್ಡು ಬರುವ ಬೆಳೆ ಅದು. ಆದರೆ ಶೇಂಗಾದ ನಡುವೆ ಅಲ್ಲಲ್ಲಿ ಗಾಳಿಗೆ ಅಡ್ಡಲಾಗಿ ನಾಲ್ಕು ಸಾಲು ಜೋಳ ಹಾಕಿ, ಅದರ ಕೂಳೆಯನ್ನು ಮುಂದಿನ ಬಿತ್ತನೆಯವರೆಗೆ ಬಿಟ್ಟರೆ ಏನಾಗುತ್ತದೆ? ಇದು ಕೇಳಬೇಕಾದ ಪ್ರಶ್ನೆ, ಅಳೆದು ನೋಡಬೇಕಾದ ಪ್ರಶ್ನೆ.

ನಿಮ್ಮ ಶಾಲೆಯ ಸುರಂಗ

ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತನ್ನಿ. ಎರಡೂ ತುದಿ ತೆರೆಯಿರಿ. ಒಂದು ತುದಿಗೆ ಟೇಬಲ್ ಫ್ಯಾನ್ ಇಡಿ. ಫ್ಯಾನಿನ ಮುಂದೆ ಜೇನುಗೂಡಿನ ಬದಲು ಪಪ್ಪಾಯಿ ಎಲೆಯ ಟೊಳ್ಳು ದಂಟುಗಳನ್ನು ಗೇಣುದ್ದ ಕತ್ತರಿಸಿ ಸಾಲಾಗಿ ಜೋಡಿಸಿ ಕಟ್ಟಿ. ಪೆಟ್ಟಿಗೆಯ ನಡುವೆ ಒಂದು ತಟ್ಟೆಯಲ್ಲಿ ಜರಡಿ ಹಿಡಿದ ಒಣ ಉಸುಕು ಹರಡಿ, ಆಚೆ ತುದಿಯಲ್ಲಿ ಹಾರಿ ಬಂದದ್ದನ್ನು ಹಿಡಿಯಲು ಒದ್ದೆ ಬಟ್ಟೆ ಇಡಿ. ಫ್ಯಾನಿನ ಗಾಳಿಗೆ ಉಸುಕು ಕದಲದಿದ್ದರೆ ಬೇಜಾರಾಗಬೇಡಿ. ನೀವು ಹೊಸ್ತಿಲನ್ನು ಕಣ್ಣಾರೆ ಕಂಡಿರಿ ಅಷ್ಟೇ. ಉಸುಕಿನ ಬದಲು ಹಗುರವಾದ ರವೆ ಹಾಕಿ ನೋಡಿ.

ಮೊದಲು ಬರಿಮೈ ತಟ್ಟೆ, ಐದು ನಿಮಿಷ. ತಟ್ಟೆಯಲ್ಲಿ ಉಳಿದದ್ದನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿ, ಎಷ್ಟು ಕಡಿಮೆಯಾಯಿತು ಬರೆಯಿರಿ. ಆಮೇಲೆ ತಟ್ಟೆಯ ಮುಂದೆ ರಟ್ಟಿನ ಗೋಡೆ. ಆಮೇಲೆ ಗೋಡೆ ತೆಗೆದು ಬೇವಿನ ಕಡ್ಡಿಗಳ ಸಾಲು, ಬುಡದಲ್ಲಿ ಎಲೆ ಇಲ್ಲದೆ ಒಮ್ಮೆ, ಎಲೆ ಇದ್ದು ಒಮ್ಮೆ. ಪ್ರತಿಯೊಂದನ್ನೂ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಕಣ್ಣಿಗೆ ಕನ್ನಡಕ ಇರಲಿ; ಫ್ಯಾನಿನ ಹತ್ತಿರ ದೊಡ್ಡವರು ಒಬ್ಬರು ಇರಲಿ. ನಾನು ಮೇಲೆ ಬರೆದದ್ದು ಸರಿಯೋ ತಪ್ಪೋ ನಿಮ್ಮ ತಕ್ಕಡಿಯೇ ಹೇಳಲಿ.

ಮಾರ್ಚಿಯಲ್ಲಿ ಹೋಗಿ ಬಂದರೆ ಆಷಾಢದ ಗಾಳಿಗೆ ಇನ್ನೂ ಮೂರು ತಿಂಗಳು ಇರುತ್ತದೆ. ಹೊಳೆ ಕಡೆಯ ಊರಿನವರು ಅಷ್ಟರಲ್ಲಿ ದಿಬ್ಬದ ಅಂಚಿಗೆ ಒಂದು ಗೂಟ ನೆಡಿ. ಜೂನ್‌ನಿಂದ ಪ್ರತಿ ಭಾನುವಾರ ಗೂಟದಿಂದ ಅಂಚು ಎಷ್ಟು ಗೇಣು ಸರಿಯಿತು, ಅಂದು ಬೇವಿನ ಎಲೆ ಅಲ್ಲಾಡಿತೋ ಕೊಂಬೆ ಅಲ್ಲಾಡಿತೋ ಬರೆದಿಡಿ.

ಮಡಕಶಿರದವರೇ, ನಿಮ್ಮ ಪ್ರಶ್ನೆ ಯಾವುದು?

2022ರಿಂದ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಆದರೆ ಪಾಡು ಒಂದೇ. ರೊಳ್ಳ, ಅಗಳಿ, ಅಮರಾಪುರದ ಕಡೆ ಉಸುಕಿನ ದಿಬ್ಬ ಇಲ್ಲ. ಆದರೆ ಬೋರ್‌ವೆಲ್ ಯಾಕೆ ವರ್ಷ ವರ್ಷ ಆಳಕ್ಕೆ ಹೋಗುತ್ತದೆ, ರೇಷ್ಮೆ ಹುಳು ಬಿಸಿಲಿಗೆ ಯಾಕೆ ಸೊರಗುತ್ತದೆ ಎಂಬ ಪ್ರಶ್ನೆ ನಿಮ್ಮ ಮನೆಗಳಲ್ಲೇ ಇದೆ. ಅದನ್ನು ಕೊಂಡೊಯ್ಯಿರಿ.

ಹಳ್ಳಿ ಪ್ರಶ್ನೆಗೆ ಅಲ್ಲಿ ಬೆಲೆ ಇದೆಯೇ ಎಂದು ಅನುಮಾನ ಬೇಡ. 1974ರಲ್ಲಿ ಅಮೂಲ್ಯ ರೆಡ್ಡಿ ಎಂಬ ವಿಜ್ಞಾನಿ ಅದೇ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರು ಮಾಡಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಹಳ್ಳಿಗೆ ಹೋಗಿ, ಸೌದೆ, ಹೊಗೆ, ನೀರು ಹೊರುವ ಹೆಂಗಸರ ದಣಿವು ಇವನ್ನೆಲ್ಲ ಕೂತು ಲೆಕ್ಕ ಹಾಕಿದರು. ಸೌದೆ ಕಡಿಮೆ ಸುಡುವ, ಹೊಗೆ ಹೊರಗೆ ಹೋಗುವ ‘ಅಸ್ತ್ರ ಒಲೆ’ ಅಲ್ಲಿಂದ ಬಂತು. ನಿಮ್ಮ ಅಜ್ಜಿಯನ್ನು ಕೇಳಿ, ಹೆಸರು ಕೇಳಿರಬಹುದು. ಅಷ್ಟೇ ಅಲ್ಲ, ಸಂಸ್ಥೆಯ ಎರಡನೇ ಆವರಣ ಇರುವುದು ನಮ್ಮ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ. ಅಲ್ಲಿ ವಿಜ್ಞಾನದ ಮೇಷ್ಟ್ರುಗಳಿಗೆ ತರಬೇತಿ ನಡೆಯುತ್ತದೆ.

ಬಸ್ಸು ಹತ್ತುವ ಮುಂಚೆ

ಐದೈದು ಜನರ ಗುಂಪು ಮಾಡಿ. ಗುಂಪಿಗೊಂದು ನೋಟ್‌ಬುಕ್ಕು. ಅದರ ಮೊದಲ ಪುಟದಲ್ಲಿ ನಿಮ್ಮ ಊರಿನ ಒಂದು ಪ್ರಶ್ನೆಯನ್ನು ಕನ್ನಡದಲ್ಲಿ ಬರೆದುಕೊಂಡೇ ಹೊರಡಿ. ಅಲ್ಲಿ ವಿವರಿಸುವವರು ದೇಶದ ಎಲ್ಲ ಕಡೆಯಿಂದ ಬಂದ ವಿದ್ಯಾರ್ಥಿಗಳು. ಇಂಗ್ಲಿಷಿನಲ್ಲಿ ಶುರು ಮಾಡಿದರೆ ಕೈ ಎತ್ತಿ, “ಅಣ್ಣಾ, ಕನ್ನಡದಲ್ಲಿ ಹೇಳ್ತೀರಾ?” ಅಥವಾ “ಅಕ್ಕಾ, ಕನ್ನಡ ಬರೋರು ಯಾರಾದ್ರೂ ಇದ್ದಾರಾ?” ಎಂದು ಕೇಳಿ. ಪಕ್ಕದಲ್ಲಿ ಒಬ್ಬರಾದರೂ ಸಿಗುತ್ತಾರೆ. ಕೆಲವರಿಗೆ ತೆಲುಗು ಬರಬಹುದು, ನಿಮಗೂ ಬರುತ್ತದಲ್ಲ! ಎರಡು ಭಾಷೆಯ ನಡುವೆ ಬೆಳೆದವರು ನಾವು, ಅದನ್ನು ಬಳಸಿಕೊಳ್ಳಿ. ಉತ್ತರ ಸಿಕ್ಕಿದರೆ ಬರೆದುಕೊಳ್ಳಿ. “ಇದನ್ನು ಇನ್ನೂ ಯಾರೂ ಅಳೆದಿಲ್ಲ” ಎಂದರೆ ಅದನ್ನೂ ಬರೆದುಕೊಳ್ಳಿ. ಅದು ಅದಕ್ಕಿಂತ ಒಳ್ಳೆಯ ಉತ್ತರ.

ನಿಮ್ಮ ತಕ್ಕಡಿಯ ತೂಕ, ಗೂಟದ ಅಳತೆ, ಅಲ್ಲಿ ಕೇಳಿದ ಪ್ರಶ್ನೆ ಎಲ್ಲವನ್ನೂ ನಿಮ್ಮ ಮೇಷ್ಟ್ರ ಕೈಲಿ ಕೊಡಿ. ಗಾಳಿ ಕಾಲ ಮುಗಿದ ಮೇಲಿನ ಸಂಚಿಕೆಯಲ್ಲಿ ಊರಿನ ಹೆಸರಿನ ಸಮೇತ ಹಾಕೋಣ. ಉತ್ತರ ತಪ್ಪಾಗಿದ್ದರೂ ಪರವಾಗಿಲ್ಲ. ಪ್ರಶ್ನೆಯನ್ನು ಮಾತ್ರ ಬಸ್ಸಿನವರೆಗೆ ಬಚ್ಚಿಟ್ಟುಕೊಂಡು ಬರಬೇಡಿ, ಅಲ್ಲೇ ಕೇಳಿ.